ಹೆಸರಿನ ಜನಪ್ರಿಯತೆ ಅಳೆಯುವ ಆಪ್ ಮತ್ತು ನನ್ನ ಹಾಜರಿ ಪುಸ್ತಕ

ಮೊಮ್ಮಗಳು ಹುಟ್ಟಿ ಮೂರು ದಿನವಾಗಿತ್ತು. ಬಾಣಂತಿ ಇನ್ನೂ ಕುಮಟಾದ ಆಸ್ಪತ್ರೆಯಲ್ಲಿಯೇ ಇದ್ದಳು. ಅಷ್ಟರೊಳಗೆ ಮಗ ಮಕ್ಕಳಿಗೆ ಹೆಸರು ಹುಡುಕಿಕೊಡುವ ಆಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡು, ವರ್ಷಕ್ಕೆ 499 ರೂಪಾಯಿಯ ಚಂದಾ ಕಟ್ಟಿಯೂ ಆಗಿತ್ತು. ಹಣ ಕೊಡದವರಿಗೆ ಹೆಸರು ಮತ್ತು ಅದರ ಅರ್ಥ ಇವೆರಡೇ ಕಾಣುತ್ತವೆ. ಕೊಟ್ಟವರಿಗೆ ‘ಜನಪ್ರಿಯತೆ’ ಎಂಬ ಇನ್ನೊಂದು ಅಂಕಣ ತೆರೆದುಕೊಳ್ಳುತ್ತದೆ, ಅದರಲ್ಲಿ ಪ್ರತಿ ಹೆಸರಿಗೂ ನೂರಕ್ಕೆ ಇಷ್ಟು ಎಂದು ಅಂಕ ಹಾಕಿರುತ್ತಾರೆ. ಮಗನಿಗೆ ಬೇಕಾಗಿದ್ದದ್ದು ಆ ಅಂಕವೇ. “ಅಪ್ಪಯ್ಯ, ಒಂದೇ ಕ್ಲಾಸಲ್ಲಿ ಮೂರು ಜನಕ್ಕೆ ಅದೇ ಹೆಸ್ರು ಇಪ್ಪಲಾಗ” ಎಂಬುದೊಂದೇ ಅವನ ಷರತ್ತು.

ಷರತ್ತು ನ್ಯಾಯವಾದದ್ದೇ. ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರನಾಗಿ, ಮೊದಲು ಅಂಕೋಲೆಯ ಸಮುದ್ರದಂಚಿನ ಊರೊಂದರಲ್ಲಿ, ಆಮೇಲೆ ಕಾರವಾರದ ಕಡೆ, ಕೊನೆಯ ಹದಿನೆಂಟು ವರ್ಷ ಶಿರಸಿ ತಾಲೂಕಿನಲ್ಲಿ, ಪ್ರತಿದಿನ ಬೆಳಿಗ್ಗೆ ಹಾಜರಿ ಕೂಗಿದವನು. ಯಾವ ಹೆಸರು ಎಷ್ಟು ಮಕ್ಕಳಿಗಿದೆ ಎಂಬ ಪ್ರಶ್ನೆಗೆ ಆಪ್ ಕೊಡುವ ಉತ್ತರವನ್ನು ಒರೆಗೆ ಹಚ್ಚಲು ನನಗಿಂತ ಬಿಡುವಾಗಿರುವ ಮನುಷ್ಯ ಮನೆಯಲ್ಲಿ ಇನ್ನೊಬ್ಬನಿರಲಿಲ್ಲ. ಒಂದು ವಾರ ಅದನ್ನು ಬಳಸಿ ನೋಡಿದೆ. ಆಪ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಹೋಲಿಕೆಗೆಂದು ನೋಡಿದ ಇನ್ನೆರಡು ಆಪ್‌ಗಳೂ ಅದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು. ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಆ ಅಂಕದ ಮೇಲೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಕನ್ನಡ ಲಿಪಿಯಲ್ಲಿ ಹೆಸರು ಓದಬಹುದು, ಅಕ್ಷರ ದೊಡ್ಡದಾಗಿದೆ, ನನ್ನ ಕನ್ನಡಕಕ್ಕೂ ಕಷ್ಟವಾಗಲಿಲ್ಲ. ಗಂಡ ಶಿರಸಿಯಲ್ಲಿ, ಹೆಂಡತಿ ಕುಮಟಾದಲ್ಲಿ ಇದ್ದುಕೊಂಡು ತಮ್ಮ ತಮ್ಮ ಫೋನಿನಲ್ಲಿ ಮೆಚ್ಚಿದ ಹೆಸರಿಗೆ ಕೆಂಪು ಹೃದಯದ ಗುರುತು ಒತ್ತಿದರೆ, ಇಬ್ಬರಿಗೂ ಒಪ್ಪಿಗೆಯಾದವು ಬೇರೆ ಪಟ್ಟಿಗೆ ಹೋಗಿ ಕೂರುತ್ತವೆ. ಹಿಂದೆ ಈ ಕೆಲಸಕ್ಕೆ ಎರಡು ಮನೆಗಳ ನಡುವೆ ನಾಲ್ಕು ಇನ್‌ಲ್ಯಾಂಡ್ ಪತ್ರಗಳಾದರೂ ಓಡಾಡುತ್ತಿದ್ದವು, ಮತ್ತು ಎರಡು ಮಾತು ಖಾರವಾಗದೆ ಮುಗಿಯುತ್ತಿರಲಿಲ್ಲ. ಆ ಮಟ್ಟಿಗೆ ಇದು ಉಪಕಾರಿಯೇ ಹೌದು. ಅರ್ಥಗಳ ಅಂಕಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ನಿಘಂಟಿನಲ್ಲಿಯೂ ಸಿಗದ ಹೆಸರಿಗೆ ‘ದೇವಿಯ ಒಂದು ಹೆಸರು’ ಎಂದು ಬರೆದು ಕೈತೊಳೆದುಕೊಳ್ಳುವ ಚಾಳಿ ಅಲ್ಲಿಯೂ ಇದೆ.

ಇನ್ನು ಅಂಕ. ಮೊದಲ ಪರೀಕ್ಷೆಗೆ ನಾನು ಒತ್ತಿದ ಹೆಸರು ಗಣಪತಿ. ನೂರಕ್ಕೆ ಹನ್ನೊಂದು ಬಂತು, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ‘ವಿರಳ’ ಎಂಬ ಮಾತು. ಶಿರಸಿಯ ಅಡಿಕೆ ವ್ಯಾಪಾರಿ ಅಂಗಳದಲ್ಲಿ ನಿಂತು “ಓ ಗಣಪತಿ” ಎಂದು ಒಮ್ಮೆ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ ಎಂಬುದು ಈ ಸೀಮೆಯ ಯಾರಿಗಾದರೂ ಗೊತ್ತು. ಎರಡನೆಯದು ಮಹಾಬಲೇಶ್ವರ. ಗೋಕರ್ಣದ ದೇವರ ಹೆಸರು, ಕರಾವಳಿಯಲ್ಲಿಯೂ ಘಟ್ಟದ ಮೇಲೆಯೂ ಮನೆಮನೆಯಲ್ಲಿರುವ ಹೆಸರು. ಆಪ್‌ನಲ್ಲಿ ಅದು ಇರಲೇ ಇಲ್ಲ. ಅದೇ ಹುರುಪಿನಲ್ಲಿ ಸುಕ್ರಿ ಎಂದು ಹುಡುಕಿದೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದು ದೇಶವೆಲ್ಲ ಕೇಳಿದ ಹೆಸರು ಅದು, “ನೀವು ಹುಡುಕಿದ್ದು ಸುಕೃತಿಯೇ?” ಎಂದು ಆಪ್ ನನ್ನನ್ನೇ ತಿದ್ದಿತು.

ಇಷ್ಟಕ್ಕೇ ಆಪ್ ಸುಳ್ಳು ಎಂದು ತೀರ್ಮಾನಿಸಿದ್ದರೆ ನಾನು ಮಾಸ್ತರಿಕೆ ಮಾಡಿದ್ದಕ್ಕೆ ಅರ್ಥವಿರುತ್ತಿರಲಿಲ್ಲ. ರಾತ್ರಿ ಮಲಗಿ ಯೋಚಿಸಿದಾಗ ಗಣಪತಿಯ ವಿಷಯದಲ್ಲಿ ಅದು ಹೇಳಿದ್ದು ಒಂದು ರೀತಿಯಿಂದ ನಿಜವೇ ಎನ್ನಿಸಿತು. ಅಂಗಳದಲ್ಲಿ ತಿರುಗಿ ನೋಡುವ ಗಣಪತಿಗಳಿಗೆಲ್ಲ ಐವತ್ತು ದಾಟಿದೆ. ನಾನು ನಿವೃತ್ತನಾಗುವ ಹಿಂದಿನ ಆರು ವರ್ಷ ಒಂದನೆಯ ತರಗತಿಗೆ ಒಬ್ಬನೇ ಒಬ್ಬ ಗಣಪತಿ ಸೇರಿರಲಿಲ್ಲ. ಊರಿನಲ್ಲಿ ಹೆಸರು ಎಷ್ಟು ಕೇಳಿಬರುತ್ತದೆ ಎಂಬುದೂ, ಈ ವರ್ಷ ಹುಟ್ಟಿದ ಕೂಸುಗಳಿಗೆ ಅದನ್ನು ಎಷ್ಟು ಜನ ಇಡುತ್ತಿದ್ದಾರೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಮತದಾರರ ಪಟ್ಟಿ ಉತ್ತರ ಹೇಳುತ್ತದೆ, ಎರಡನೆಯದಕ್ಕೆ ಅಂಗನವಾಡಿ. ಮಗನ ಷರತ್ತು ಎರಡನೆಯದಕ್ಕೆ ಸೇರಿದ್ದು. ಆದರೆ ಆಪ್ ತಾನು ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೇನೆ ಎಂದು ಎಲ್ಲಿಯೂ ಹೇಳುವುದಿಲ್ಲ. ಅಂಕವೊಂದನ್ನು ಮುಂದೆ ಹಿಡಿದು ಸುಮ್ಮನಾಗುತ್ತದೆ.

ಹಾಗಾದರೆ ಅಂಕ ಬರುವುದು ಎಲ್ಲಿಂದ? ಮೂರು ಪುಟ ಒಳಗೆ ಹೋಗಿ, ಸಹಾಯದ ಅಂಕಣದ ತಳದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದನ್ನು ಓದಿದೆ. ಬಳಕೆದಾರರು ಎಷ್ಟು ಸಲ ಆ ಹೆಸರನ್ನು ಹುಡುಕಿದರು, ಎಷ್ಟು ಸಲ ಹೃದಯ ಒತ್ತಿದರು ಎಂಬುದು ಒಂದು ಪಾಲು. ‘ಅಂತಾರಾಷ್ಟ್ರೀಯ ಸರ್ಕಾರಿ ದತ್ತಾಂಶ’ ಇನ್ನೊಂದು ಪಾಲು. ಆ ಎರಡನೆಯ ಪಾಲಿನ ಕೆಳಗೆ ಅಮೆರಿಕದ ಹೆಸರಿತ್ತು, ಇಂಗ್ಲೆಂಡಿನ ಹೆಸರಿತ್ತು, ಭಾರತದ ಹೆಸರಿರಲಿಲ್ಲ.

ಅದು ಆಪ್ ಮಾಡಿದವರ ತಪ್ಪೇನೂ ಅಲ್ಲ. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗು ಹುಟ್ಟಿದ 21 ದಿನದೊಳಗೆ ವರದಿ ಕೊಡಬೇಕು, ಮಗುವಿನ ಹೆಸರೂ ಆ ದಾಖಲೆಗೆ ಸೇರುತ್ತದೆ. ಆದರೆ ಯಾವ ಹೆಸರನ್ನು ಈ ವರ್ಷ ಎಷ್ಟು ಮಕ್ಕಳಿಗೆ ಇಟ್ಟರು ಎಂದು ಎಣಿಸಿ ಪ್ರತಿವರ್ಷ ಪ್ರಕಟಿಸುವ ಪದ್ಧತಿ ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಅದು ಇದೆ. ಅಲ್ಲಿಯ ಸಾಮಾಜಿಕ ಭದ್ರತಾ ಇಲಾಖೆ, ತನ್ನ ಕಾರ್ಡಿಗೆ ಬಂದ ಅರ್ಜಿಗಳಿಂದ ಹೆಕ್ಕಿ, 1880ರಿಂದ ಈಚಿನ ಪ್ರತಿವರ್ಷದ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ, ಮಗುವಿನ ಗುರುತು ಬಯಲಾಗಬಾರದೆಂದು, ಬಿಟ್ಟುಬಿಡುತ್ತದೆ. ಅಷ್ಟು ಅಚ್ಚುಕಟ್ಟಾದ ದಾಖಲೆ ಕೈಗೆ ಸಿಕ್ಕುವಾಗ ಆಪ್ ಮಾಡುವವರು ಅದನ್ನು ಎತ್ತಿಕೊಳ್ಳದೆ ಬಿಡುವುದಿಲ್ಲ. ಆದರೆ ನ್ಯೂಜೆರ್ಸಿಯಲ್ಲಿ ಹುಟ್ಟಿದ ಕೂಸುಗಳ ಎಣಿಕೆಯಿಂದ ನಮ್ಮ ಶಾಲೆಯ ಒಂದನೆಯ ತರಗತಿಯ ಭವಿಷ್ಯ ಹೇಳುವುದು, ಮುಂಬೈಯ ಮಳೆಯ ಲೆಕ್ಕ ನೋಡಿ ಇಲ್ಲಿ ಅಡಿಕೆಗೆ ಔಷಧ ಹೊಡೆದ ಹಾಗೆ.

ಆ ಪಟ್ಟಿಯನ್ನು ನಾನೂ ಮಗನ ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದೆ, ಮತ್ತು ಒಂದು ದಿನವನ್ನು ಸಂತೋಷದಿಂದ ಹಾಳುಮಾಡಿಕೊಂಡೆ. ‘ಒಂದನೆಯ ಸ್ಥಾನ’ ಎಂಬ ಮಾತು ಎಷ್ಟು ಮೋಸ ಮಾಡುತ್ತದೆ ಎಂಬುದು ಅಲ್ಲಿ ಕಣ್ಣಿಗೆ ರಾಚುತ್ತದೆ. 1880ರಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಮೊದಲ ಸ್ಥಾನ ಜಾನ್ ಎಂಬ ಹೆಸರಿಗೆ. 9,655 ಜನ, ಅಂದರೆ ದಾಖಲೆಗೆ ಸಿಕ್ಕ ಗಂಡುಮಕ್ಕಳಲ್ಲಿ ನೂರಕ್ಕೆ ಎಂಟಕ್ಕೂ ಮೇಲೆ. ಅದೇ ವರ್ಷ ಹೆಣ್ಣುಮಕ್ಕಳಲ್ಲಿ ಮೇರಿ ಎಂಬವರು 7,065, ನೂರಕ್ಕೆ ಏಳಕ್ಕೂ ಮೇಲೆ. 2017ರಿಂದ ಅಲ್ಲಿ ಮೊದಲ ಸ್ಥಾನದಲ್ಲಿರುವ ಗಂಡು ಹೆಸರು ಲಿಯಾಮ್. 2023ರಲ್ಲಿ ಸುಮಾರು ಇಪ್ಪತ್ತು ಸಾವಿರ ಮಕ್ಕಳಿಗೆ ಅದನ್ನಿಟ್ಟಿದ್ದಾರೆ, ಆದರೆ ಅದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಹಳೆಯ ಅಭ್ಯಾಸದಂತೆ ಲೆಕ್ಕ ಬಿಡಿಸಿದೆ: ಹೆಸರುಗಳು ಎಲ್ಲೆಡೆ ಸಮನಾಗಿ ಹಂಚಿಹೋಗಿವೆ ಎಂದಿಟ್ಟುಕೊಂಡರೆ, ಹದಿನೈದು ಹುಡುಗರಿರುವ ಹತ್ತು ತರಗತಿಗಳಲ್ಲಿ ಏಳರಲ್ಲಿ ಆಗ ಒಬ್ಬನಾದರೂ ಜಾನ್ ಇರುತ್ತಿದ್ದ, ಈಗ ಒಬ್ಬ ಲಿಯಾಮ್ ಸಿಗಬೇಕಾದರೆ ಆರೇಳು ತರಗತಿಗಳ ಬಾಗಿಲು ತಟ್ಟಬೇಕು. ಸ್ಥಾನ ಎರಡಕ್ಕೂ ಒಂದೇ, ಒಂದನೆಯದು. ಆಪ್ ಎರಡಕ್ಕೂ ನೂರಕ್ಕೆ ನೂರು ಕೊಟ್ಟೀತು.

ಹೆಸರು ಹೀಗೆ ಚದುರಿದ ಮೇಲೂ ಮಾಸ್ತರರ ಗೋಳು ಕಡಿಮೆಯಾಗುವುದಿಲ್ಲ, ಏಕೆಂದರೆ ಮಕ್ಕಳು ಹೆಸರನ್ನು ಬರಹದಿಂದ ಗುರುತಿಸುವುದಿಲ್ಲ, ಕಿವಿಯಿಂದ ಗುರುತಿಸುತ್ತಾರೆ. ಅಮೆರಿಕದಲ್ಲಿ ಏಡನ್, ಜೇಡನ್, ಬ್ರೇಡನ್, ಹೇಡನ್ ಎಂದು ಒಂದೇ ಬಳ್ಳಿಯ ಹೆಸರುಗಳು ಒಟ್ಟಿಗೆ ಏರಿದವು. ಪಟ್ಟಿಯಲ್ಲಿ ಅವು ನಾಲ್ಕು ಹೆಸರು, ಆಟದ ಬಯಲಿನಲ್ಲಿ ಒಂದೇ ಕೂಗು. ನಮ್ಮಲ್ಲಿ ಆ ಬಳ್ಳಿಯ ಹೆಸರು ‘ನ್ವಿ’. ಸಾನ್ವಿ, ಶಾನ್ವಿ, ಮಾನ್ವಿ, ತನ್ವಿ, ಜಾನ್ವಿ, ಅನ್ವಿ. ಈ ಆರನ್ನೂ ಆಪ್ ಆರು ಬೇರೆ ಹೆಸರುಗಳೆಂದು ಎಣಿಸಿ, ಎರಡಕ್ಕೆ ‘ವಿರಳ’ ಎಂಬ ಹಸಿರು ಪಟ್ಟಿ ಅಂಟಿಸಿದೆ. ಗಾಳಿ ಬೀಸುವ ದಿನ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತು ಈ ಆರರಲ್ಲಿ ಯಾವುದನ್ನು ಕೂಗಿದರೂ ಆರು ಮಕ್ಕಳೂ ನೀರಿನಿಂದ ತಲೆಯೆತ್ತುತ್ತವೆ.

ಕಾಗುಣಿತದ ಕಥೆ ಇದರ ತಮ್ಮ. ಸಾನ್ವಿಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಒಂದು ‘ಎ’ ಇರುವುದು, ಎರಡು ‘ಎ’ ಇರುವುದು, ಕೊನೆಗೆ ‘ಐ’ ಬದಲು ಎರಡು ‘ಇ’ ಇರುವುದು ಎಂದು ಮೂರು ನಮೂದುಗಳು ಸಿಕ್ಕಿದವು. ಒಂದಕ್ಕೆ ಅಂಕ ತೊಂಬತ್ತೊಂದು, ಒಂದಕ್ಕೆ ಮೂವತ್ತು, ಒಂದಕ್ಕೆ ಏಳು. ಕನ್ನಡದಲ್ಲಿ ಬರೆದರೆ ಮೂರೂ ಒಂದೇ ಹೆಸರು! ಇದು ಬಡಪಾಯಿ ಆಪ್‌ನ ದೋಷ ಮಾತ್ರವೂ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಅಂಶ ಕಚೇರಿ 2023ರ ಪಟ್ಟಿಯಲ್ಲಿ ಗಂಡುಮಕ್ಕಳ ಮೊದಲ ಹೆಸರು ಮುಹಮ್ಮದ್ ಎಂದು ಸಾರಿತು, 4,661 ಮಕ್ಕಳು. ಎರಡನೆಯದು ನೋಹ, 4,382. ಅಲ್ಲಿ ಲೆಕ್ಕಕ್ಕೆ ಬಂದದ್ದು ಆ ಹೆಸರಿನ ಒಂದು ಕಾಗುಣಿತ ಮಾತ್ರ. ಬೇರೆ ಕಾಗುಣಿತಗಳು ಅದೇ ಪಟ್ಟಿಯಲ್ಲಿ ಕೆಳಗೆ ಬೇರೆಯಾಗಿಯೇ ಇವೆ. ಇನ್ನೊಂದು ಮಾತನ್ನು ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡಿದ ಯಾವ ಮಾಸ್ತರರೂ ಹೇಳಬಲ್ಲರು: ಭಟ್ಕಳದ ಕಡೆಯ ಎಷ್ಟೋ ಹುಡುಗರಿಗೆ ಶಾಲೆಯ ದಾಖಲೆಯಲ್ಲಿ ಮೊದಲ ಪದ ಮುಹಮ್ಮದ್ ಎಂದಿದ್ದರೂ ಮನೆಯಲ್ಲಿ, ಬೀದಿಯಲ್ಲಿ, ಹಾಜರಿಯಲ್ಲಿ ಅವರನ್ನು ಕರೆಯುವುದು ಎರಡನೆಯ ಹೆಸರಿನಿಂದ. ಮೊದಲ ಪದವನ್ನು ಎಣಿಸಿದವನಿಗೆ ಅಲ್ಲಿ ಎಲ್ಲರೂ ಒಂದೇ. ಕರೆಯುವವನಿಗೆ ಒಬ್ಬೊಬ್ಬನೂ ಬೇರೆ.

ಈಗ ನನ್ನ ಹಾಜರಿ ಪುಸ್ತಕಕ್ಕೆ ಬರುತ್ತೇನೆ. ಪುಸ್ತಕ ಶಾಲೆಯ ಕಪಾಟಿನಲ್ಲಿದೆ, ಹೆಸರುಗಳು ನಾಲಿಗೆಯ ಮೇಲಿವೆ. ಅಂಕೋಲೆಯಲ್ಲಿ ನಾನು ಮೊದಲು ಕೂಗಿದವು ಹಮ್ಮಣ್ಣ, ಬೀರಣ್ಣ, ಬೊಮ್ಮಯ್ಯ, ನಾಗವೇಣಿ. ಕಾರವಾರದಲ್ಲಿ ಪಾಂಡುರಂಗ, ಶಾಂತಾರಾಮ, ಪ್ರೇಮಾನಂದ. ಐವತ್ತು ಕಿಲೋಮೀಟರ್ ದಾಟುವುದರೊಳಗೆ ಪಟ್ಟಿಯೇ ಬದಲಾಗುತ್ತಿತ್ತು. ಅಂಕೋಲೆಯಲ್ಲಿ ಕೇರಿಗೊಬ್ಬನಿದ್ದ ಬೊಮ್ಮಯ್ಯ ಕಾಳಿ ನದಿಯ ದಂಡೆಯ ಶಾಲೆಯಲ್ಲಿ ಒಬ್ಬನೂ ಇರಲಿಲ್ಲ. ಘಟ್ಟ ಹತ್ತಿ ಶಿರಸಿಗೆ ಬಂದರೆ ಮಂಜುನಾಥ, ಶ್ರೀಧರ, ನರಸಿಂಹ, ಸುಬ್ರಾಯ. ಜಿಲ್ಲೆಗೊಂದೇ ಅಂಕ ಕೊಡುವುದೂ ಕಷ್ಟವಾದ ಜಾಗದಲ್ಲಿ ಲೋಕಕ್ಕೆಲ್ಲ ಒಂದೇ ಅಂಕ ಕೊಡುವ ಧೈರ್ಯ ಆಪ್‌ಗಿದೆ.

ಒಂದು ವರ್ಷ ನಾಲ್ಕನೆಯ ತರಗತಿಯಲ್ಲಿ ನಾಲ್ವರು ಮಂಜುನಾಥರಿದ್ದರು. “ಮಂಜುನಾಥ” ಎಂದರೆ ನಾಲ್ಕು ಮೂಲೆಗಳಿಂದ “ಹಾಜರ್ ಸಾರ್” ಬರುತ್ತಿತ್ತು. ಇನಿಶಿಯಲ್ ಸೇರಿಸಿ ಕೂಗೋಣವೆಂದರೆ ಇಬ್ಬರದು ಜಿ. ಅವರಲ್ಲೊಬ್ಬ ಜ್ವರ ಬಂದು ಮೂರು ದಿನ ಮನೆಯಲ್ಲಿ ಮಲಗಿದ್ದ, ಪುಸ್ತಕದಲ್ಲಿ ಮಾತ್ರ ಮೂರು ದಿನವೂ ಹಾಜರಿದ್ದ. ಅವನ ಹೆಸರಿಗೆ ಇನ್ನೊಬ್ಬ ಜಿ. ಮಂಜುನಾಥ ನಿಷ್ಠೆಯಿಂದ ಎರಡು ಸಲ ಓಗೊಡುತ್ತಿದ್ದ. ನಾಲ್ಕನೆಯ ದಿನ ಹುಡುಗನ ತಂದೆ ರಜೆ ಚೀಟಿ ಹಿಡಿದು ಬಂದಾಗ ನನ್ನ ಮುಖ ಹೇಗಾಗಿರಬೇಡ. ಅಂದಿನಿಂದ ಮನೆ ಹೆಸರು ಸೇರಿಸಿ, ಹಿತ್ಲಮನೆ ಮಂಜುನಾಥ, ಕೆಳಗಿನಮನೆ ಮಂಜುನಾಥ ಎಂದು ಕೂಗಲು ಶುರುಮಾಡಿದೆ. ಊರು ನೂರಾರು ವರ್ಷದಿಂದ ಮಾಡಿಕೊಂಡು ಬಂದ ಉಪಾಯ ಅದು, ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ.

ಒಂದೇ ಹೆಸರು ಹೀಗೆ ಒಂದೇ ಕಡೆ ಗುಂಪುಗೂಡುವುದಕ್ಕೆ ಆಪ್‌ಗೆ ತಿಳಿಯದ ಕಾರಣವೊಂದಿದೆ. ನಮ್ಮ ಹವ್ಯಕರಲ್ಲಿ ಹಿರಿಯ ಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆಯಾಗಿತ್ತು. ಒಬ್ಬ ಮಂಜುನಾಥನಿಗೆ ಮೂರು ಗಂಡುಮಕ್ಕಳಿದ್ದರೆ ಮೂವರೂ ತಮ್ಮ ತಮ್ಮ ಹಿರಿಯ ಮಗನಿಗೆ ಮಂಜುನಾಥ ಎಂದೇ ಹೆಸರಿಡುತ್ತಿದ್ದರು, ಹಿಸ್ಸೆಯಾದ ಒಂದೇ ತೋಟದ ಮೂರು ಮನೆಗಳಿಂದ ಮೂವರು ಮಂಜುನಾಥರು ಒಂದೇ ಶಾಲೆಗೆ ಬರುತ್ತಿದ್ದರು. ಲೋಕದಲ್ಲಿ ಹೆಸರು ಎಷ್ಟೇ ವಿರಳವಾಗಿರಲಿ, ಆ ಕೇರಿಯಲ್ಲಿ ಅದೇ ಬಹುಮತ. ಇಂದು ಆ ವಾಡಿಕೆ ಬಹುಮಟ್ಟಿಗೆ ನಿಂತಿದೆ. ಅಜ್ಜನ ಜಾಗಕ್ಕೆ ಸಿನಿಮಾ, ಕ್ರಿಕೆಟ್ಟು, ಧಾರಾವಾಹಿ ಬಂದಿವೆ. 1989ರ ನವೆಂಬರ್‌ನಲ್ಲಿ ಸಚಿನ್ ತೆಂಡೂಲ್ಕರ್ ಭಾರತಕ್ಕೆ ಆಡಲು ಇಳಿದರು. ಅದಾದ ಆರೇಳು ವರ್ಷಕ್ಕೆ ಘಟ್ಟದ ಮೇಲಿನ ನಮ್ಮ ಶಾಲೆಗೂ ಸಚಿನ್‌ಗಳು ಸೇರತೊಡಗಿದರು. ಸಾನ್ವಿ ಎಂಬುದು 2016ರ ಕೊನೆಯಲ್ಲಿ ತೆರೆಕಂಡ ಕನ್ನಡ ಚಿತ್ರವೊಂದರ ನಾಯಕಿಯ ಹೆಸರು, ಯಾವ ಚಿತ್ರವೆಂದು ಓದುಗರಿಗೆ ಹೇಳಬೇಕಾಗಿಲ್ಲ. ಇಂಥ ಹೆಸರುಗಳಿಗೆ ಹುಟ್ಟಿದ ಇಸವಿಯ ಮುದ್ರೆ ಬಿದ್ದಿರುತ್ತದೆ. ಅಮೆರಿಕದ ಪಟ್ಟಿಯಲ್ಲಿ ಜೆನಿಫರ್ ಎಂಬ ಹೆಸರು 1970ರಿಂದ 1984ರವರೆಗೆ ಸತತವಾಗಿ ಹೆಣ್ಣುಮಕ್ಕಳ ಮೊದಲ ಹೆಸರಾಗಿತ್ತು. ಅಲ್ಲಿಯವರು ಜೆನಿಫರ್ ಎಂದು ಕೇಳಿದೊಡನೆ ವಯಸ್ಸು ಅಂದಾಜು ಮಾಡುವಂತೆ ನಾವು ಸಚಿನ್ ಎಂದೊಡನೆ ಮಾಡುತ್ತೇವೆ.

ಹೆಸರಿನ ದಟ್ಟಣೆಗೆ ಇನ್ನೊಂದು ಮೂಲ ಪಂಚಾಂಗ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಪಾದಗಳು. ಪ್ರತಿ ಪಾದಕ್ಕೂ ಒಂದು ಅಕ್ಷರ. ಚಂದ್ರ ಒಂದು ನಕ್ಷತ್ರವನ್ನು ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು, ಆದ್ದರಿಂದ ಒಂದು ಪಾದ ಆರು ಗಂಟೆಯ ಆಸುಪಾಸು. ನಮ್ಮ ಕೂಸು ಹುಟ್ಟಿದ್ದು ಶತಭಿಷಾ ನಕ್ಷತ್ರದ ಎರಡನೆಯ ಪಾದದಲ್ಲಿ. ಗೋ, ಸ, ಸಿ, ಸು ಎಂಬ ನಾಲ್ಕರಲ್ಲಿ ಭಟ್ಟರು ನಮಗೆ ‘ಸ’ ತೆಗೆದುಕೊಟ್ಟರು. ಅದೇ ಮಧ್ಯಾಹ್ನ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಇನ್ನೆರಡು ಹೆಣ್ಣುಮಕ್ಕಳಿಗೂ, ಆ ಮನೆಯವರು ನಕ್ಷತ್ರ ನೋಡುವವರಾದರೆ, ಅದೇ ‘ಸ’ ಸಿಕ್ಕಿರುತ್ತದೆ. ಮೂವರ ತಂದೆಯರೂ ಅಂದು ರಾತ್ರಿ ಮೊಬೈಲು ಹಿಡಿದು ‘ಸ’ ಒತ್ತಿದರೆ ಮೊದಲು ಎದುರಾಗುವುದು ಸಾನ್ವಿಯೇ. ಆಶ್ಲೇಷಾ ನಕ್ಷತ್ರದವರಿಗೆ ಡಿ, ಡು, ಡೆ, ಡೊ ಬರುತ್ತದೆ, ಅವರಿಗೆ ಆಪ್‌ನಲ್ಲಿ ಏನೂ ಸಿಗುವುದಿಲ್ಲ. ಅಂಥ ಮನೆಗಳಲ್ಲಿ ನಕ್ಷತ್ರದ ಹೆಸರನ್ನು ಹರಿವಾಣದ ಅಕ್ಕಿಯ ಮೇಲೆ ಬರೆದು, ಕರೆಯಲು ವ್ಯವಹಾರನಾಮವೊಂದನ್ನು ಬೇರೆ ಇಟ್ಟುಕೊಳ್ಳುತ್ತಾರೆ. ಆಪ್‌ನಲ್ಲಿ ನಕ್ಷತ್ರದ ಸೋಸುಬಲೆ ಇದೆ, ಕೆಲಸವನ್ನೂ ಸರಿಯಾಗಿ ಮಾಡುತ್ತದೆ. ಅದೇ ಬಲೆಯಿಂದ ಹೊರಬಿದ್ದವರೆಲ್ಲ ಒಂದೇ ಬುಟ್ಟಿಗೆ ಬೀಳುತ್ತಾರೆ ಎಂಬ ಅರಿವು ಮಾತ್ರ ಅದಕ್ಕಿಲ್ಲ.

ಕೊನೆಗೆ ಚಂದಾ ಇಲ್ಲದ ಸೇವೆಯೊಂದನ್ನು ಪರೀಕ್ಷಿಸಿದೆ. ನಮ್ಮ ಕೇರಿಯ ಅಂಗನವಾಡಿಯ ಟೀಚರು ನನ್ನ ಹಳೆಯ ವಿದ್ಯಾರ್ಥಿನಿ. ಆರು ವರ್ಷದೊಳಗಿನ ಮಕ್ಕಳು ಯಾವ ಮನೆಯಲ್ಲಿ ಎಷ್ಟಿವೆ ಎಂಬುದು ಅವಳಿಗೆ ಪುಸ್ತಕ ತೆರೆಯದೆ ಗೊತ್ತು. ‘ಸ’ದಿಂದ ಸುರುವಾಗುವ ಹೆಸರು ಎಷ್ಟಿವೆ ಎಂದು ಕೇಳಿದೆ. “ಸಾನ್ವಿ ಎರಡು, ಸರ್. ಮಾನ್ವಿ, ಜಾನ್ವಿ ಒಂದೊಂದು, ಅವನ್ನೂ ಲೆಕ್ಕಕ್ಕೆ ಹಿಡಿರಿ, ಊಟಕ್ಕೆ ಸಾನ್ವಿ ಬಾ ಅಂದರೆ ನಾಲ್ಕೂ ತಟ್ಟೆ ಹಿಡಿದು ಬರ್ತವೆ” ಎಂದಳು. ಸುಭದ್ರೆ ಎಂಬ ಹೆಸರಿನವರು? ಅವಳು ಸ್ವಲ್ಪ ಯೋಚಿಸಿದಳು. “ಮಕ್ಕಳಲ್ಲಿ ಇಲ್ಲ ಸರ್, ಬಾಣಂತಿಯರ ಪಟ್ಟಿಯಲ್ಲೂ ಇಲ್ಲ. ಅಜ್ಜಿಯರ ಪಟ್ಟಿ ಅಂತ ಒಂದು ಇಟ್ಟರೆ ಸಿಗ್ತಾರೇನೋ.” ಎರಡು ನಿಮಿಷದಲ್ಲಿ ಸಿಕ್ಕ ಈ ಉತ್ತರದಲ್ಲಿ ಮೊಮ್ಮಗಳ ಜೊತೆ ನಿಜವಾಗಿಯೂ ಒಂದೇ ಬೆಂಚಿನಲ್ಲಿ ಕೂರಲಿರುವ ಮಕ್ಕಳಷ್ಟೇ ಇದ್ದರು. ಮಗನ ಷರತ್ತಿಗೆ ಬೇಕಾದ ದತ್ತಾಂಶ ಅದು, ಅದರಲ್ಲಿ ಕಿವಿಯ ಲೆಕ್ಕವೂ ಸೇರಿತ್ತು.

ವಿರಳವಾದ ಹೆಸರೇ ಒಳ್ಳೆಯದು ಎಂದು ಆಪ್ ಮೊದಲೇ ತೀರ್ಮಾನಿಸಿದಂತಿರುವುದೂ ನನಗೆ ಹಿಡಿಸಲಿಲ್ಲ. ‘ವಿರಳ’ಕ್ಕೆ ಹಸಿರು, ‘ಜನಪ್ರಿಯ’ಕ್ಕೆ ಕೆಂಪು. ಅದು ವಿರಳವೆಂದು ಎತ್ತಿ ತೋರಿಸಿದ ಹೆಸರೊಂದನ್ನು ನನ್ನ ಹೆಂಡತಿ ಮೂರು ಸಲ ಹೇಳಲು ಹೋಗಿ, “ಈ ಹೆಸ್ರು ನನ್ನ ಬಾಯಲ್ಲಿ ಬತ್ತಿಲ್ಲೆ” ಎಂದು ಫೋನನ್ನು ಮಗನ ಕೈಗೆ ವಾಪಸು ಕೊಟ್ಟಳು. ಯಾರ ಬಾಯಲ್ಲಿಯೂ ಬಾರದ ಹೆಸರು ಜನನ ಪ್ರಮಾಣಪತ್ರದಲ್ಲೊಂದು, ಆಧಾರದಲ್ಲೊಂದು, ಬ್ಯಾಂಕಿನ ಪುಸ್ತಕದಲ್ಲೊಂದು ರೂಪ ತಾಳುತ್ತದೆ, ಅದನ್ನು ಸರಿಮಾಡಿಸಲು ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತಿದ ಪಾಲಕರನ್ನು ನಾನು ಬೇಕಷ್ಟು ಕಂಡಿದ್ದೇನೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಅಂಕ ನೋಡುವ ಮೊದಲು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ರೀತಿ ಬರೆಯಬಹುದಾದ ಹೆಸರೇ ಎಂದು ನೋಡುವುದು ಲೇಸು. ಹಾಗೆಂದು ಅವಸರವೂ ಬೇಡ: ಜನನವನ್ನು ಹೆಸರಿಲ್ಲದೆ ನೋಂದಾಯಿಸಿ, ಒಂದು ವರ್ಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಲು ಅವಕಾಶವಿದೆ. ‘ಇಂದೇ ಚಂದಾದಾರರಾಗಿ, ಹನ್ನೆರಡನೆಯ ದಿನ ಹತ್ತಿರ ಬರುತ್ತಿದೆ’ ಎಂದು ಆಪ್ ದಿನಕ್ಕೆರಡು ಬಾರಿ ಹೆದರಿಸುವ ಅಗತ್ಯವಿರಲಿಲ್ಲ.

ಐದಕ್ಕೆ ಎರಡು ನಕ್ಷತ್ರ ಕೊಡುತ್ತೇನೆ, ಎರಡೂ ಆ ಕೆಂಪು ಹೃದಯದ ಜಂಟಿ ಪಟ್ಟಿಗೆ ಸಲ್ಲಬೇಕು. ಅದು ಉಚಿತ ಆವೃತ್ತಿಯಲ್ಲಿಯೂ ಸಿಗುತ್ತದೆ. ಜನಪ್ರಿಯತೆಯ ಅಂಕಣಕ್ಕೆಂದು ಹಣ ಕೊಡುವವರಿದ್ದರೆ, ಆ ಹಣದಲ್ಲಿ ಅಂಗನವಾಡಿಯ ಮಕ್ಕಳಿಗೆ ಒಂದು ಗೊನೆ ಬಾಳೆಹಣ್ಣು ಕೊಂಡುಹೋಗಿ, ಅಲ್ಲಿಯೇ ವಿಚಾರಿಸಿ ಬರಬಹುದು.

ಹನ್ನೆರಡನೆಯ ದಿನ ಕೂಸಿಗೆ ಸುಭದ್ರಾ ಎಂದು ಹೆಸರಿಟ್ಟೆವು. ಅದು ನನ್ನ ಹೆಂಡತಿಯ ಅಜ್ಜಿಯ ಹೆಸರು. ಸೊಸೆಯೇ ಆರಿಸಿದಳು, ನಾವು ಯಾರೂ ಬಾಯಿ ಹಾಕಲಿಲ್ಲ. ಆ ದಿನ ಆಪ್‌ನಲ್ಲಿ ಅದರ ಅಂಕ ಒಂಬತ್ತು. ಚಂದಾ ತಾನಾಗಿಯೇ ನವೀಕರಣವಾಗದಂತೆ ನಿಲ್ಲಿಸಲು ಮೊನ್ನೆ ಮಗ ಅದನ್ನು ಮತ್ತೆ ತೆರೆದಾಗ ಒಂದು ಸೂಚನೆ ಕಾದಿತ್ತು: ‘ನಿಮ್ಮ ಪ್ರದೇಶದಲ್ಲಿ ವೇಗವಾಗಿ ಏರುತ್ತಿರುವ ಹೆಸರು, ಸುಭದ್ರಾ’. ಅಂಕ ಮೂವತ್ತೆಂಟಕ್ಕೆ ಏರಿತ್ತು. ಮಗ ಗಾಬರಿಯಾದ. ನಾಮಕರಣಕ್ಕೆ ಬಂದಿದ್ದ ಸೋದರತ್ತೆಯರು, ಚಿಕ್ಕಮ್ಮಂದಿರು, ಕುಮಟಾದ ಬೀಗರ ಕಡೆಯವರು ಎಲ್ಲರೂ ಅಂದು ಊಟದ ಪಂಕ್ತಿ ಏಳುವ ಮೊದಲೇ ಆ ಆಪ್ ಹಾಕಿಕೊಂಡು, ನಮ್ಮ ಕೂಸಿನ ಹೆಸರು ಹುಡುಕಿ, ಒಬ್ಬೊಬ್ಬರೂ ಕೆಂಪು ಹೃದಯ ಒತ್ತಿದ್ದನ್ನು ನಾನು ಅವನಿಗೆ ನೆನಪು ಮಾಡಿಕೊಟ್ಟೆ.